ಫೋನಲ್ಲೇ ಬೀಟ್ ಮಾಡೋಕೆ ಯಾವ ಆ್ಯಪ್? ಹನ್ನೊಂದು ಹಾಕಿಕೊಂಡೆ, ಒಂದು ಬೀಟೂ ಮುಗಿದಿಲ್ಲ

ಹೊಸದುರ್ಗ_ಹೈದ

ಎಲ್ಲರಿಗೂ ನಮಸ್ಕಾರ. ನನ್ನ ಗೆಳೆಯ ಕನ್ನಡದಲ್ಲಿ ರ‍್ಯಾಪ್ ಬರೆಯುತ್ತಾನೆ. ಬೀಟ್ ಮಾಡಿಕೊಡುವ ಕೆಲಸ ನನ್ನದು. ಲ್ಯಾಪ್‌ಟಾಪ್ ಇಲ್ಲ. ಇರುವುದು ಎರಡು ವರ್ಷ ಹಳೆಯ ಆಂಡ್ರಾಯ್ಡ್ ಫೋನ್, 6 ಜಿಬಿ ರ‍್ಯಾಮ್, ಒಂದು ಜೊತೆ ಬ್ಲೂಟೂತ್ ಇಯರ್‌ಬಡ್. ಒಂದು ತಿಂಗಳಲ್ಲಿ ಹನ್ನೊಂದು ಆ್ಯಪ್ ಹಾಕಿದೆ, ಒಂಬತ್ತು ತೆಗೆದೆ. ಪರದೆ ಮೇಲಿನ ಡ್ರಮ್ ಪ್ಯಾಡ್ ಒತ್ತಿದರೆ ಸದ್ದು ಆಮೇಲೆ ಬರುತ್ತದೆ. ಎಲ್ಲವೂ ಎಳೆದ ಹಾಗೆ ಕೇಳಿಸುತ್ತದೆ. "ನಿನಗೆ ಲಯಾನೇ ಇಲ್ಲ ಬಿಡೋ" ಅಂತಾನೆ ಗೆಳೆಯ.

ಸಾವಿರ ರೂಪಾಯಿ ಖರ್ಚು ಮಾಡಬಲ್ಲೆ. ಯಾವ ಆ್ಯಪ್ ಕೊಳ್ಳಲಿ? ಸಿಂತ್ (ಕೃತಕವಾಗಿ ಸ್ವರ ಹುಟ್ಟಿಸೋ ವಾದ್ಯ) ಬೇರೆ, ಡ್ರಮ್ ಬೇರೆ ಬೇಕಾ, ಎರಡೂ ಒಂದರಲ್ಲೇ ಸಿಗುತ್ತಾ?

ಸೌಂಡ್‌ಚೆಕ್_ಸಂಜೆ

ಗುರು, ಮೊದಲು ಆ ಬ್ಲೂಟೂತ್ ಕಿತ್ತಿಡು. ನಿನ್ನ ಲಯ ಸರಿಯಾಗೇ ಇರಬಹುದು.

ಲೆಕ್ಕ ನೋಡು. ಗಾಳಿಯಲ್ಲಿ ಸದ್ದು ಒಂದು ಮೀಟರ್ ದಾಟೋಕೆ ಸುಮಾರು 3 ಮಿಲಿಸೆಕೆಂಡ್ ಬೇಕು. ಬ್ಲೂಟೂತ್‌ನಲ್ಲಿ 200 ಮಿಲಿಸೆಕೆಂಡ್ ತಡವಾಗುವುದು ಮಾಮೂಲಿ. ನೀನು ಇಲ್ಲಿ ಡೊಳ್ಳು ಬಡಿಯುತ್ತೀಯ, ನಿನ್ನ ಕಿವಿ ಜಾತ್ರೆ ಮೈದಾನದ ಆ ತುದಿಯಲ್ಲಿ, 68 ಮೀಟರ್ ಆಚೆ ಇದೆ. ಯಾರಿಗೆ ತಾಳ ಹಿಡಿಯೋಕೆ ಆಗುತ್ತೆ ಹೇಳು. 90 ಬಿಪಿಎಂ, ಅಂದರೆ ನಿಮಿಷಕ್ಕೆ 90 ಪೆಟ್ಟು ಇಟ್ಟರೆ, ನಾಲ್ಕು ಪೆಟ್ಟನ್ನು ಹದಿನಾರು ಮನೆ ಮಾಡಿದ ಗ್ರಿಡ್‌ನಲ್ಲಿ ಒಂದೊಂದು ಮನೆಗೆ 167 ಮಿಲಿಸೆಕೆಂಡ್. ಅಂದರೆ ನಿನ್ನ ಪೆಟ್ಟು ಒಂದು ಮನೆ ದಾಟಿ ಬೀಳುತ್ತಿದೆ.

ವೈರ್ ಇರುವ ಮಾಮೂಲಿ ಇಯರ್‌ಫೋನ್ ತಗೋ. ಜಾಕ್ ಇಲ್ಲದಿದ್ದರೆ ಟೈಪ್-ಸಿದು. ಅದಾದ ಮೇಲೆ ಆ್ಯಪ್ ಮಾತು.

ಹೊಸದುರ್ಗ_ಹೈದ

ಅಯ್ಯೋ! ಹೌದು ಅಣ್ಣ. ಸ್ಪೀಕರ್‌ನಲ್ಲಿ ಹಾಕಿ ನೋಡಿದೆ, ಅರ್ಧ ಸಮಸ್ಯೆ ಹೋಯಿತು. ಆದರೂ ಸ್ವಲ್ಪ ತಡ ಇದೆ. ಈ ಸ್ವಲ್ಪ ಅಂದರೆ ಎಷ್ಟು ಅಂತ ಅಳೆಯೋದು ಹೇಗೆ?

ಸೌಂಡ್‌ಚೆಕ್_ಸಂಜೆ

ಇನ್ನೊಂದು ಫೋನ್ ಪಕ್ಕದಲ್ಲಿಟ್ಟು ರೆಕಾರ್ಡ್ ಒತ್ತು. ನಿನ್ನ ಫೋನಿನ ಪ್ಯಾಡನ್ನು ಉಗುರಿನಿಂದ ಟಕ್ ಅಂತ ಬಡಿ. ರೆಕಾರ್ಡಿಂಗ್‌ನಲ್ಲಿ ಎರಡು ಮುಳ್ಳು ಕಾಣುತ್ತವೆ. ಒಂದು ಉಗುರಿನದು, ಇನ್ನೊಂದು ಸ್ಪೀಕರ್‌ನಿಂದ ಬಂದ ಡ್ರಮ್‌ದು. ನಡುವಿನ ಅಂತರವೇ ನಿನ್ನ ತಡ. ಹತ್ತು ಸಲ ಬಡಿದು ಸರಾಸರಿ ತಗೋ. 20ರ ಆಸುಪಾಸು ಬಂದರೆ ಹಬ್ಬ ಮಾಡು. 40 ಬಂದರೆ ಹೊಂದಿಕೊಳ್ಳಬಹುದು. 80 ದಾಟಿದರೆ ಆ ಫೋನಲ್ಲಿ ಕೈಯಲ್ಲಿ ನುಡಿಸೋ ಆಸೆ ಬಿಟ್ಟುಬಿಡು.

ಹಳೇ_ಐಪ್ಯಾಡ್

ನಾನು ಹೇಳಿದರೆ ಬೈಯುತ್ತೀರಿ, ಆದರೂ ಹೇಳುತ್ತೇನೆ. ಆ ಸಾವಿರಕ್ಕೆ ಇನ್ನಷ್ಟು ಸೇರಿಸಿ ಒಂದು ಸೆಕೆಂಡ್ ಹ್ಯಾಂಡ್ ಐಪ್ಯಾಡ್ ತಗೋ. ಆ್ಯಪಲ್‌ನವರ ಗ್ಯಾರೇಜ್‌ಬ್ಯಾಂಡ್ ಆ್ಯಪ್ ಉಚಿತ. ಅದರಲ್ಲೇ ಆಲ್ಕೆಮಿ ಸಿಂತ್ ಇದೆ, 2017ರಿಂದ ಗ್ರಿಡ್‌ನಲ್ಲಿ ಪೆಟ್ಟು ಜೋಡಿಸುವ ಬೀಟ್ ಸೀಕ್ವೆನ್ಸರ್ ಕೂಡ ಇದೆ. ಆಡಿಯೋಕಿಟ್‌ನವರ ಸಿಂತ್ ಒನ್ ಕೂಡ ಉಚಿತವೇ, ಅದರ ಕೋಡ್ ಸಹಿತ ಎಲ್ಲರಿಗೂ ಸಿಗುತ್ತದೆ. ಕಾರ್ಗ್ ಗ್ಯಾಜೆಟ್ ಅನ್ನೋ ಆ್ಯಪ್ ಒಂದು ತಗೊಂಡರೆ ಮುಗಿಯಿತು. ಪ್ರತಿ ವಾದ್ಯಕ್ಕೂ ಒಂದು ಊರಿನ ಹೆಸರು. ಲಂಡನ್ ಅಂದರೆ ಡ್ರಮ್, ಶಿಕಾಗೋ ಅಂದರೆ ಕಿರ‍್ರೋ ಅನ್ನೋ ಆ್ಯಸಿಡ್ ಬೇಸ್. ನಾನು ಆರು ವರ್ಷದಿಂದ ಅದರಲ್ಲೇ ಇದ್ದೇನೆ. ಆಂಡ್ರಾಯ್ಡ್‌ಗೆ ಅದು ಬಂದೇ ಇಲ್ಲ.

ಐಫೋನ್, ಐಪ್ಯಾಡ್‌ನಲ್ಲಿ ಇನ್ನೊಂದು ಅನುಕೂಲ ಇದೆ. 2015ರಿಂದ ಎಯುವಿ3 ಅಂತ ಒಂದು ವ್ಯವಸ್ಥೆ. ಒಂದು ಕಂಪನಿಯ ಸಿಂತನ್ನು ಇನ್ನೊಂದು ಕಂಪನಿಯ ಆ್ಯಪ್ ಒಳಗೇ ತೆರೆಯಬಹುದು. ಎಯುಎಂ ಅನ್ನೋ ಮಿಕ್ಸರ್‌ನಲ್ಲಿ ನಾಲ್ಕು ಸಿಂತ್ ಸಾಲಾಗಿ ನಿಲ್ಲಿಸಿ ಒಟ್ಟಿಗೆ ಓಡಿಸುತ್ತೇನೆ. ಆಂಡ್ರಾಯ್ಡ್‌ನಲ್ಲಿ ಹಾಗೆ ಎಲ್ಲರೂ ಬಳಸುವ ವ್ಯವಸ್ಥೆ ಇಲ್ಲ. ಅಲ್ಲಿ ಒಂದು ಆ್ಯಪ್ ಅಂದರೆ ಒಂದು ಮನೆ, ಅದರ ಪಾತ್ರೆಯಲ್ಲೇ ಅಡುಗೆ ಆಗಬೇಕು.

ಧಾರವಾಡ_ಫೇಡೆ

ಹುಡುಗ ಸಾವಿರ ರೂಪಾಯಿ ಅಂತ ಬಾಯಿಬಿಟ್ಟು ಹೇಳಿದಾನ್ರಿ. ನೀವು ಐಪ್ಯಾಡ್ ಅಂಗಡಿ ತೋರಿಸ್ತೀರಲ್ರಿ!

ನೋಡು ತಮ್ಮಾ, ನಾನು ಆಂಡ್ರಾಯ್ಡ್‌ನಲ್ಲೇ ಬೆಳೆದವನು. ಒಂದು ಕಾಲಕ್ಕೆ ಕಾಸ್ಟಿಕ್ 3 ಅಂತ ಇತ್ತು. ಒಂದೇ ಪ್ರಾಜೆಕ್ಟ್‌ನಲ್ಲಿ ಹದಿನಾಲ್ಕು ಯಂತ್ರ ಕೂಡಿಸಬಹುದಿತ್ತು, ಎಫ್‌ಎಂ ಬಗೆಯ ಸಿಂತ್ ಇತ್ತು, ದನಿಯನ್ನು ಯಂತ್ರದ ದನಿ ಮಾಡೋ ವೋಕೋಡರ್ ಇತ್ತು. ಎಂಥಾ ಕಡಿಮೆ ಫೋನಲ್ಲೂ ಓಡುತ್ತಿತ್ತು. ಸಿಂತ್ ಅಂದರೆ ಏನು ಅಂತ ನಾನು ಕಲಿತದ್ದು ಅದರಲ್ಲಿ. ಆಮೇಲೆ ಅಪ್‌ಡೇಟ್ ನಿಂತುಹೋಯಿತು. ಹಳೆ ಎತ್ತಿನ ಮೇಲೆ ಎಷ್ಟೇ ಪ್ರೀತಿ ಇದ್ದರೂ ಹೊಸದಾಗಿ ಬೇಸಾಯ ಶುರು ಮಾಡುವವನಿಗೆ ಅದನ್ನು ಕೊಡೋಕೆ ಆಗಲ್ಲ.

ಈಗ ನಿನ್ನ ಮುಂದೆ ಇರುವುದು ನಿಜವಾಗಿ ಮೂರೇ. ಒಂದು, ಎಫ್‌ಎಲ್ ಸ್ಟುಡಿಯೋ ಮೊಬೈಲ್. ಒಂದೇ ಸಲ ದುಡ್ಡು. ಒಳಗೆ ಡ್ರಮ್, ಸಿಂತ್, ಸ್ವರ ಬರೆಯೋ ಪಿಯಾನೋ ರೋಲ್, ಮಿಕ್ಸರ್ ಎಲ್ಲಾ ಇದೆ. ನಾಳೆ ಕಂಪ್ಯೂಟರ್ ತಗೊಂಡು ದೊಡ್ಡ ಎಫ್‌ಎಲ್ ಸ್ಟುಡಿಯೋ ಹಾಕಿದರೆ ಈ ಪ್ರಾಜೆಕ್ಟ್ ಅದರಲ್ಲಿ ತೆರೆಯಬಹುದು. ಎರಡು, ಕೋಆಲಾ ಸ್ಯಾಂಪ್ಲರ್. ಅದರಲ್ಲಿ ಸಿಂತ್ ಹುಡುಕಬೇಡ, ಅದು ಸದ್ದು ಹಿಡಿಯುವ ಬಲೆ. ಮೂರು, ಬ್ಯಾಂಡ್‌ಲ್ಯಾಬ್. ಉಚಿತ. ಗೆಳೆಯನ ದನಿ ರೆಕಾರ್ಡ್ ಮಾಡೋಕೆ, ಇಬ್ಬರು ಬೇರೆ ಬೇರೆ ಊರಲ್ಲಿ ಕೂತು ಒಂದೇ ಹಾಡಿನ ಮೇಲೆ ಕೆಲಸ ಮಾಡೋಕೆ ಚೆನ್ನಾಗಿದೆ.

ಉಳಿದವೆಲ್ಲ ಸುಮ್ನೆ ಟೈಮ್‌ಪಾಸ್.

ಕುಡ್ಲ_ಕೀಬೋರ್ಡ್

ಬಣ್ಣ ಬಣ್ಣದ ಪ್ಯಾಡ್ ಆ್ಯಪ್‌ಗಳ ಬಗ್ಗೆ ಒಂದು ಎಚ್ಚರಿಕೆ. ಹೆಸರು ಬೇಡ. ಮೂರು ದಿನ ಉಚಿತ ಅಂತ ಒತ್ತಿದೆ. ನಾಲ್ಕನೇ ದಿನ ವಾರದ ಚಂದಾ ಶುರುವಾಯಿತು. ಗೊತ್ತಾಗುವಷ್ಟರಲ್ಲಿ ಆರು ವಾರ ಕತ್ತರಿಸಿತ್ತು. ಆ್ಯಪ್ ಡಿಲೀಟ್ ಮಾಡಿದರೆ ಚಂದಾ ನಿಲ್ಲುವುದಿಲ್ಲ ಮಾರಾಯ್ರೆ, ಸ್ಟೋರ್ ಒಳಗೆ ಹೋಗಿ ಬೇರೆಯಾಗಿ ನಿಲ್ಲಿಸಬೇಕು.

ಅದಕ್ಕಿಂತ ಬೇಜಾರು ಏನು ಗೊತ್ತುಂಟಾ? ಅದರಲ್ಲಿ ನಾನು ಮಾಡಿದ "ನನ್ನ" ಬೀಟ್ ಇನ್ನೂ ಎಷ್ಟೋ ಜನರ ಬಳಿ ಇತ್ತು. ಎಲ್ಲರೂ ಅದೇ ಪ್ಯಾಡ್ ಒತ್ತುತ್ತಾರಲ್ಲ. ಹಾಡು ಅಪ್‌ಲೋಡ್ ಮಾಡಿದ ಮೇಲೆ ಬೇರೆ ಯಾರೋ ಹಕ್ಕು ಕೇಳಿದರು. ಒಂದು ತಿಂಗಳು ಮೇಲ್ ಬರೆದು ಸುಸ್ತಾದೆ.

ಹೊಸದುರ್ಗ_ಹೈದ

ಅಳೆದೆ ಅಣ್ಣ. ಅಮ್ಮನ ಫೋನಲ್ಲಿ ರೆಕಾರ್ಡ್ ಮಾಡಿದೆ. ಒಂದು ಆ್ಯಪ್‌ನಲ್ಲಿ 95 ಬಂತು, ಇನ್ನೊಂದರಲ್ಲಿ 46. ಫೋನ್ ಒಂದೇ! ಇದು ಹೇಗೆ?

ಸೌಂಡ್‌ಚೆಕ್_ಸಂಜೆ

ಸದ್ದನ್ನು ಹೊರಗೆ ಕಳಿಸುವ ದಾರಿ ಎಲ್ಲಾ ಆ್ಯಪ್‌ಗೂ ಒಂದೇ ಅಲ್ಲ. 2017ರಲ್ಲಿ ಆಂಡ್ರಾಯ್ಡ್ 8 ಜೊತೆ ಎಆಡಿಯೋ ಅಂತ ಹೊಸ ದಾರಿ ಕೊಟ್ಟರು. ಅದನ್ನು ಬಳಸುವ ಆ್ಯಪ್ ಬೇಗ ಮಾತಾಡುತ್ತದೆ. ಹಳೆ ದಾರಿಯಲ್ಲೇ ಇರುವುದು ಸುತ್ತು ಹೊಡೆದು ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬಫರ್ (ಒಮ್ಮೆಗೆ ಎಷ್ಟು ಸದ್ದು ಕೂಡಿಟ್ಟು ಕಳಿಸಬೇಕು ಅನ್ನೋದು) ಅಂತ ಇದ್ದರೆ ಕಡಿಮೆ ಮಾಡಿ ನೋಡು. 256 ಸ್ಯಾಂಪಲ್ ಅಂದರೆ 48 ಕಿಲೋಹರ್ಟ್ಸ್‌ನಲ್ಲಿ 5 ಮಿಲಿಸೆಕೆಂಡ್ ಚಿಲ್ಲರೆ. 1024 ಇಟ್ಟರೆ 21. ತೀರಾ ಕಡಿಮೆ ಮಾಡಿದರೆ ಪಟಪಟ ಅಂತ ಸದ್ದು ಒಡೆಯುತ್ತದೆ, ಆಗ ಒಂದು ಮೆಟ್ಟಿಲು ಮೇಲೆ ಹತ್ತು.

46 ಬಂದ ಆ್ಯಪ್ ಯಾವುದೋ ಅದೇ ನಿನ್ನ ಆ್ಯಪ್. ನನ್ನ ಪ್ರಕಾರ ಚರ್ಚೆ ಮುಗಿಯಿತು.

ಮೃದಂಗ_ಮಗಳು

ಮುಗಿದಿಲ್ಲ 🙂 ಕೈಯಲ್ಲೇ ನುಡಿಸಬೇಕು ಅಂತ ಯಾರು ಹೇಳಿದರು? ಗ್ರಿಡ್‌ನಲ್ಲಿ ಚುಕ್ಕಿ ಇಟ್ಟರೆ ತಡದ ಮಾತೇ ಬರುವುದಿಲ್ಲ. ಯಂತ್ರ ತಾನೇ ಸರಿಯಾದ ಮನೆಯಲ್ಲಿ ಹೊಡೆಯುತ್ತದೆ. ರಂಗೋಲಿ ಚುಕ್ಕಿ ಇಡುವ ಹಾಗೆ. ನಾನು ಬಸ್ಸಿನಲ್ಲಿ ಕೂತು ಬೀಟ್ ಮಾಡುವುದು ಹೀಗೇ.

ನನ್ನ ತಕರಾರು ಬೇರೆ. ಈ ಆ್ಯಪ್‌ಗಳೆಲ್ಲ ಪ್ರಪಂಚ ನಾಲ್ಕರಲ್ಲೇ ಎಣಿಸುತ್ತದೆ ಅಂದುಕೊಂಡಿವೆ. ಹದಿನಾರು ಮನೆ, ನಾಲ್ಕು ನಾಲ್ಕು. ಐಪ್ಯಾಡಿನ ಗ್ಯಾರೇಜ್‌ಬ್ಯಾಂಡ್‌ನಲ್ಲಿ 4/4, 3/4, 6/8 ಬಿಟ್ಟು ಬೇರೆ ಇಲ್ಲ. ನನಗೆ ಮಿಶ್ರಛಾಪು ಬೇಕು. ತಕಿಟ ತಕಧಿಮಿ, ಏಳು. ಆ್ಯಪ್ ಆರಿಸುವಾಗ ನಾನು ಮೊದಲು ನೋಡುವುದು ಮನೆಗಳ ಸಂಖ್ಯೆ ಬದಲಾಯಿಸಬಹುದಾ ಅಂತ. ಬದಲಾಯಿಸಬಹುದಾದರೆ 14 ಮನೆ ಇಟ್ಟು, 1ರಲ್ಲಿ ಕಿಕ್, 7 ಮತ್ತು 11ರಲ್ಲಿ ಚಪ್ಪಾಳೆ. ಅಷ್ಟಾದರೆ ಮಿಶ್ರಛಾಪಿನ ನಡೆ ಬಂತು. ಅದರ ಮೇಲೆ ಹೈಹ್ಯಾಟ್ ನಿಮ್ಮಿಷ್ಟ.

ಬದಲಾಯಿಸೋಕೆ ಬಿಡದ ಆ್ಯಪ್ ಆದರೆ ಒಂದು ಕಳ್ಳದಾರಿ ಇದೆ. 4/4ರಲ್ಲೇ ಏಳು ಬಾರ್ ಉದ್ದದ ಪ್ಯಾಟರ್ನ್ ಮಾಡಿ. ಏಳು ನಾಲ್ಕಲ 28. ಅದರಲ್ಲಿ ಏಳರ ಆವರ್ತ ಸರಿಯಾಗಿ ನಾಲ್ಕು ಸಲ ಕೂರುತ್ತದೆ. ಮೆಟ್ರೊನೋಮ್ ಮಾತ್ರ ಆಫ್ ಮಾಡಿಬಿಡಿ, ಅದು ತಲೆ ಕೆಡಿಸುತ್ತದೆ.

ಹಳೇ_ಐಪ್ಯಾಡ್

ಮೇಡಂ, ನಿಮಗೆ ಪ್ಯಾಟರ್ನಿಂಗ್ ಅಂತ ಐಪ್ಯಾಡ್ ಆ್ಯಪ್ ಇಷ್ಟವಾಗುತ್ತದೆ. ಗ್ರಿಡ್ ಬದಲು ಬಳೆಗಳು. ಒಂದರೊಳಗೆ ಒಂದು ಬಳೆ, ಒಂದೊಂದು ಬಳೆಗೆ ಒಂದೊಂದು ಡ್ರಮ್. ಒಂದಕ್ಕೆ 7 ಮನೆ, ಇನ್ನೊಂದಕ್ಕೆ 8 ಇಟ್ಟರೆ 56ನೇ ಹೆಜ್ಜೆ ಮುಗಿದಾಗ ಎರಡೂ ಮತ್ತೆ ಒಟ್ಟಿಗೆ ಸಮಕ್ಕೆ ಬರುತ್ತವೆ.

ಮೃದಂಗ_ಮಗಳು

ಅದನ್ನೇ ನಾವು ಬಾಯಲ್ಲಿ ಕೊನ್ನಕೋಲ್ ಹೇಳಿ ಕೈಯಲ್ಲಿ ಆದಿತಾಳ ಹಾಕಿ ಮಾಡುತ್ತೇವೆ, ಚಾರ್ಜ್ ಬೇಕಾಗಿಲ್ಲ. ಆದರೂ ನೋಡುತ್ತೇನೆ, ಥ್ಯಾಂಕ್ಸ್.

ಇನ್ನೊಂದು ಮಾತು ಹೈದನಿಗೆ. ಪೆಟ್ಟನ್ನು ಗ್ರಿಡ್ ಮನೆಗೆ ಸರಿಸುವ ಕ್ವಾಂಟೈಜ್ ಬಟನ್ ಸಿಕ್ಕಿತು ಅಂತ ಎಲ್ಲವನ್ನೂ ನೂರಕ್ಕೆ ನೂರು ಎಳೆದು ಕೂರಿಸಬೇಡಪ್ಪ. ಶೇಕಡಾ 50 ಅಂತ ಆಯ್ಕೆ ಇದ್ದರೆ ಅದನ್ನು ಹಾಕು. ಪೂರ್ತಿ ಎಳೆದರೆ ನಡೆ ಸತ್ತುಹೋಗುತ್ತದೆ, ಕವಾಯತಿನ ಲೆಫ್ಟ್ ರೈಟ್ ಮಾತ್ರ ಉಳಿಯುತ್ತದೆ.

ಹೊಸದುರ್ಗ_ಹೈದ

ಅಕ್ಕ, 14 ಮನೆಯದು ಮಾಡಿದೆ. ಗೆಳೆಯನಿಗೆ ಎಲ್ಲಿ ಉಸಿರು ತಗೋಬೇಕು ಅಂತಾನೇ ಗೊತ್ತಾಗಲಿಲ್ಲ 😄 ಸದ್ಯಕ್ಕೆ ಹದಿನಾರರಲ್ಲೇ ಇರುತ್ತೇನೆ.

ಸಿಂತ್ ಬಗ್ಗೆ ಯಾರೂ ಹೇಳಲಿಲ್ಲ. ಎಫ್‌ಎಲ್ ಮೊಬೈಲ್‌ನಲ್ಲಿ ನೂರಾರು ಪ್ರಿಸೆಟ್ (ಮೊದಲೇ ಮಾಡಿಟ್ಟ ಸದ್ದು) ಇವೆ. ಒಂದೊಂದೇ ಕೇಳುತ್ತಾ ಕೂತರೆ ರಾತ್ರಿ ಎರಡು ಗಂಟೆ ಆಗುತ್ತದೆ. ನನಗೆ ಬೇಕಾಗಿರುವುದು ಎದೆಗೆ ಗುದ್ದುವ 808 ಬೇಸ್, ಅಷ್ಟೇ.

ಧಾರವಾಡ_ಫೇಡೆ

ಪ್ರಿಸೆಟ್ ಕೇಳುವುದು ಸೀರೆ ಅಂಗಡಿಯಲ್ಲಿ ಕೂತ ಹಾಗೆ, ಎದ್ದು ಬರೋಕೆ ಆಗಲ್ಲ. ಒಂದು ಖಾಲಿ ಪ್ಯಾಚ್ ತೆಗೆದು ನೀನೇ ಮಾಡು, ಐದು ನಿಮಿಷದ ಕೆಲಸ.

ಸೈನ್ ಅಲೆ ಒಂದೇ ಇಟ್ಟುಕೋ. ಬೇರೆಲ್ಲ ಆಸಿಲೇಟರ್ (ಅಲೆ ಹುಟ್ಟಿಸೋ ಭಾಗ) ಸೊನ್ನೆ. ವಾಲ್ಯೂಮ್‌ನ ಎನ್ವಲಪ್‌ನಲ್ಲಿ (ಸದ್ದು ಹೇಗೆ ಏರಿ ಇಳಿಯಬೇಕು ಅನ್ನೋದು) ಅಟ್ಯಾಕ್ ಸೊನ್ನೆ, ಡಿಕೇ ಒಂದು ಸೆಕೆಂಡ್, ಸಸ್ಟೇನ್ ಸೊನ್ನೆ. ಈಗ ಕೆಳಗಿನ ಸ್ವರ ಒಂದನ್ನು ಒತ್ತು. ಬುಂಯ್ ಅಂತ ಬರುತ್ತದೆ, ಆದರೆ ಪೆಟ್ಟು ಇರಲ್ಲ. ಆ ಪೆಟ್ಟು ಬರುವುದು ಶ್ರುತಿ ಬೀಳುವುದರಿಂದ. ಪಿಚ್‌ಗೆ ಇನ್ನೊಂದು ಎನ್ವಲಪ್ ಹಚ್ಚು. ಮೊದಲ 40–50 ಮಿಲಿಸೆಕೆಂಡ್‌ನಲ್ಲಿ ಎರಡು ಸ್ಥಾಯಿ ಮೇಲಿನಿಂದ ದಬಕ್ಕನೆ ಕೆಳಗೆ ಬೀಳಲಿ. ಬಂತಲ್ಲ ಗುದ್ದು? ನಿಜವಾದ ಟಿಆರ್-808, ಅಂದರೆ ರೋಲ್ಯಾಂಡ್‌ನವರು 1980ರಲ್ಲಿ ತಂದ ಪೆಟ್ಟಿಗೆ, ಅದರಲ್ಲಿ ರೆಕಾರ್ಡ್ ಮಾಡಿದ ಡ್ರಮ್ ಒಂದೂ ಇರಲಿಲ್ಲ. ಎಲ್ಲಾ ಸರ್ಕ್ಯೂಟ್‌ನಲ್ಲೇ ಹುಟ್ಟಿಸಿದ ಸದ್ದು. ಸ್ನೇರ್ ಕೂಡ ಇಷ್ಟೇ, ಒಂದಿಷ್ಟು ಸ್ವರ, ಮೇಲೆ ಒಂದು ಹಿಡಿ ಹುಸ್ ಅನ್ನೋ ನಾಯ್ಸ್.

ಇದನ್ನು ಒಂದು ಸಲ ಕೈಯಾರೆ ಮಾಡಿದರೆ ಯಾವ ಆ್ಯಪ್ ಕೊಟ್ಟರೂ ಹೆದರಿಕೆ ಇಲ್ಲ. ಆಸಿಲೇಟರ್, ಫಿಲ್ಟರ್, ಎನ್ವಲಪ್ ಎಲ್ಲಾ ಕಡೆ ಅವೇ. ಬಣ್ಣ ಬೇರೆ, ಅಷ್ಟೇ.

ಡಬ್ಲಿನ್_ದಾವಣಗೆರೆ

ಇದನ್ನು ಓದಿ ನಗು ಬಂತು. ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗರಿಗೆ ಆ್ಯಸಿಡ್ ಬೇಸ್ ಅಂದರೆ ಶಿಕಾಗೋ ಊರಲ್ಲೇ ಹುಟ್ಟಿದ್ದು. ಮುಂಬಯಿಯಲ್ಲಿ ಚರಣ್‌ಜಿತ್ ಸಿಂಗ್ ಅನ್ನುವ ಸ್ಟುಡಿಯೋ ಕಲಾವಿದರು 1982ರಲ್ಲೇ ಟಿಬಿ-303 ಬೇಸ್ ಪೆಟ್ಟಿಗೆ, ಟಿಆರ್-808, ಜುಪಿಟರ್-8 ಸಿಂತ್ ಮೂರನ್ನೂ ಇಟ್ಟುಕೊಂಡು ಹತ್ತು ರಾಗ ನುಡಿಸಿ ರೆಕಾರ್ಡ್ ಮಾಡಿದ್ದರು ಅಂದರೆ ನಂಬಲಿಲ್ಲ. ಕೇಳಿಸಿದೆ. ಬಾಯಿ ಮುಚ್ಚಿಕೊಂಡರು. ಆಗ ಆ ಪೆಟ್ಟಿಗೆಗಳಿಗೆ ಕೊಟ್ಟ ದುಡ್ಡಿನ ಮುಂದೆ ಈಗಿನ ಆ್ಯಪ್ ಬೆಲೆ ಕಡಲೆಕಾಯಿ.

2020ರ ಲಾಕ್‌ಡೌನ್ ಶುರುವಿನಲ್ಲಿ ಸಿಂತ್ ಕಂಪನಿ ಮೂಗ್‌ನವರು ಮಿನಿಮೂಗ್ ಆ್ಯಪನ್ನೂ ಕಾರ್ಗ್‌ನವರು ಕಾಸಿಲೇಟರನ್ನೂ ಸ್ವಲ್ಪ ದಿನ ಉಚಿತವಾಗಿ ಬಿಟ್ಟಿದ್ದರು, ನೆನಪಿದೆಯಾ? ಹಾಗೆ ಆಗಾಗ ಸಿಗುತ್ತವೆ. ಹಬ್ಬದ ರಿಯಾಯಿತಿಗೆ ಕಾದಿರು, ಅವಸರ ಬೇಡ.

ಹಳೇ_ಐಪ್ಯಾಡ್

ರಿಯಾಯಿತಿಯಲ್ಲಿ ಕೊಂಡು ಕೊಂಡೇ ನಾನು ಹಾಳಾಗಿದ್ದು. 43 ಸಿಂತ್ ಇವೆ, ಬಳಸುವುದು ಎರಡು. ಜೊತೆಗೆ 2017ರಲ್ಲಿ ಐಒಎಸ್ 11 ಬಂದಾಗ ಹಳೆ ಬಗೆಯ 32-ಬಿಟ್ ಆ್ಯಪ್‌ಗಳೆಲ್ಲ ಒಂದೇ ಏಟಿಗೆ ಸತ್ತವು. ದುಡ್ಡು ಕೊಟ್ಟ ಏಳು ಆ್ಯಪ್ ತೆರೆಯಲೇ ಇಲ್ಲ, ಒಳಗಿದ್ದ ಪ್ರಾಜೆಕ್ಟ್‌ಗಳ ಕತೆಯೂ ಅಷ್ಟೇ. ಅದಕ್ಕೇ ಹೇಳುತ್ತೇನೆ, ಬೀಟ್ ಮುಗಿದ ದಿನವೇ ಕಿಕ್ ಬೇರೆ, ಬೇಸ್ ಬೇರೆ, ಹೀಗೆ ಒಂದೊಂದೇ ಟ್ರ್ಯಾಕನ್ನು ವೇವ್ ಫೈಲ್ ಮಾಡಿ ಡ್ರೈವ್‌ಗೆ ಹಾಕು. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋ ಅಂದರೆ ನಿಮಿಷಕ್ಕೆ 17 ಎಂಬಿ ಚಿಲ್ಲರೆ ಆಗುತ್ತದೆ. ಆಗಲಿ. ವೇವ್ ಫೈಲ್ ಯಾವ ಕಾಲಕ್ಕೂ ತೆರೆಯುತ್ತದೆ.

ಹೊಸದುರ್ಗ_ಹೈದ

ಬೇಸ್ ಮಾಡಿದೆ ಅಣ್ಣ!! ಇಯರ್‌ಫೋನಲ್ಲಿ ಎದೆ ನಡುಗುತ್ತದೆ. ಗೆಳೆಯನಿಗೆ ಕಳಿಸಿದೆ. ಅವನು ಫೋನ್ ಸ್ಪೀಕರ್‌ನಲ್ಲಿ ಕೇಳಿ "ಬೇಸ್ ಎಲ್ಲೋ?" ಅಂತಾನೆ.

ಸೌಂಡ್‌ಚೆಕ್_ಸಂಜೆ

ಅವನ ಫೋನಿನ ಸ್ಪೀಕರ್ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. 50 ಹರ್ಟ್ಸ್ ಎಲ್ಲಿಂದ ಬರಬೇಕು? ಬೇಸ್ ಮೇಲೆ ಸ್ವಲ್ಪ ಡಿಸ್ಟಾರ್ಷನ್ ಅಥವಾ ಸ್ಯಾಚುರೇಷನ್ ಹಚ್ಚು. ಆಗ 100, 150, 200 ಹೀಗೆ ಮೇಲಿನ ಸ್ವರಾಂಶಗಳು ಹುಟ್ಟುತ್ತವೆ. ಸ್ಪೀಕರ್ ಅವನ್ನು ನುಡಿಸುತ್ತದೆ, ಕೆಳಗಿನದನ್ನು ಕಿವಿ ತಾನೇ ಊಹಿಸಿಕೊಳ್ಳುತ್ತದೆ. ಇದಕ್ಕೆ ಹೊಸ ಆ್ಯಪ್ ಬೇಡ, ಎಫ್‌ಎಲ್ ಒಳಗೇ ಇದೆ. ಹುಡುಕು.

ಹೊಸದುರ್ಗ_ಹೈದ

ಸಿಕ್ಕಿತು. ಈಗ ಅಮ್ಮನ ಫೋನಲ್ಲೂ ಕೇಳಿಸುತ್ತದೆ.

ನಿನ್ನೆ ಕೋಆಲಾ ಕೂಡ ತಗೊಂಡೆ. ನಮ್ಮ ಬೀದಿಯಲ್ಲಿ ತಮಟೆ ಬಾರಿಸುವ ಒಬ್ಬರು ಇದ್ದಾರೆ, ಮಾಮ ಅಂತ ಕರೆಯುತ್ತೇವೆ. ಅವರ ಮನೆಗೆ ಹೋಗಿ ರೆಕಾರ್ಡ್ ಮಾಡಿಕೊಂಡೆ. ಪ್ಯಾಡ್ ಒತ್ತಿ ಹಿಡಿದರೆ ರೆಕಾರ್ಡ್, ಬಿಟ್ಟರೆ ನಿಂತಿತು, ಎಷ್ಟು ಸುಲಭ! ಹದಿನಾರು ಪ್ಯಾಡಿನ ನಾಲ್ಕು ಬ್ಯಾಂಕ್ ಇವೆ, ಒಂದನ್ನು ಪೂರ್ತಿ ತಮಟೆಗೇ ಕೊಟ್ಟೆ. ಆದರೆ ಮೊದಲ ಸಲ ಸದ್ದು ಪೂರಾ ಹರಿದುಹೋಯಿತು.

ಕುಡ್ಲ_ಕೀಬೋರ್ಡ್

ಹತ್ತಿರ ಹಿಡಿದಿರಬೇಕು. ಚೆಂಡೆ ರೆಕಾರ್ಡ್ ಮಾಡುವಾಗ ನನಗೂ ಹಾಗೇ ಆಗಿತ್ತು. ಹತ್ತು ಹನ್ನೆರಡು ಅಡಿ ದೂರ ಹೋಗಿ. ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಒಂದು ಮಡಿಸಿದ ಟವೆಲ್ ಮೇಲೆ ಇಡಿ. ಆಮೇಲೆ ಪ್ರತಿ ಸ್ಯಾಂಪಲ್‌ನ ಮುಂದಿನ ಖಾಲಿ ಜಾಗ ಕತ್ತರಿಸಿ. 30 ಮಿಲಿಸೆಕೆಂಡ್ ಮೌನ ಉಳಿದರೂ ಅದು ಪುನಃ ತಡವಾಗಿಯೇ ಕೇಳಿಸುತ್ತದೆ.

ಮೃದಂಗ_ಮಗಳು

ರೆಕಾರ್ಡ್ ಮಾಡಿಕೊಂಡಿದ್ದು ಬೀಟ್‌ಗೆ ಅಂತ ಅವರಿಗೆ ಹೇಳಿದ್ದೀಯಾ? ಹಾಡು ಹೊರಗೆ ಬಂದಾಗ ಅವರ ಹೆಸರು ಹಾಕು. ದುಡ್ಡು ಬಂದರೆ ಪಾಲು ಕೊಡು. ನಮ್ಮ ಕಡೆ ತಮಟೆಯವರನ್ನು ಮೆರವಣಿಗೆಗೆ ಕರೆಯುತ್ತಾರೆ, ಪೋಸ್ಟರ್‌ನಲ್ಲಿ ಹೆಸರು ಮಾತ್ರ ಹಾಕುವುದಿಲ್ಲ.

ಹೊಸದುರ್ಗ_ಹೈದ

ಹೇಳಿದ್ದೇನೆ ಅಕ್ಕ. ಹೆಸರು ಹಾಕುತ್ತೇನೆ. ದುಡ್ಡಿನ ಮಾತು ಆಡಿರಲಿಲ್ಲ, ಆಡುತ್ತೇನೆ.

ಈಗ ಬೇರೆ ಸಮಸ್ಯೆ. ದೂರದಿಂದ ರೆಕಾರ್ಡ್ ಮಾಡಿದ್ದು ಹರಿದಿಲ್ಲ, ಆದರೆ ಮಂಕಾಗಿದೆ. ಒದ್ದೆ ರಟ್ಟು ಬಡಿದ ಹಾಗೆ. ಈಕ್ಯೂನಲ್ಲಿ ಚೂಪು ಸದ್ದನ್ನು ಮೇಲೆ ಎತ್ತಿದೆ, ಬರೀ ಹಿಸ್ ಬಂತು. ಎರಡು ಸ್ವರ ಮೇಲೇರಿಸಿದೆ, ಆಟದ ಸಾಮಾನಿನ ಹಾಗಾಯಿತು. ತಮಟೆಯನ್ನು ಚುರುಕು ಮಾಡುವ ಒಳ್ಳೆ ಪ್ಲಗಿನ್ ಅಥವಾ ಆ್ಯಪ್ ಏನಾದರೂ ಇದೆಯಾ? ಇನ್ನೂ ಇನ್ನೂರು ರೂಪಾಯಿ ಉಳಿದಿದೆ.

ಹಳೇ_ಐಪ್ಯಾಡ್

ಪೆಟ್ಟಿನ ಮೊದಲ ಚೂಪನ್ನು ಹೆಚ್ಚಿಸುವ ಟ್ರಾನ್ಸಿಯೆಂಟ್ ಶೇಪರ್ ಅಂತ ಒಂದು ಬಗೆ ಇದೆ. ಐಪ್ಯಾಡ್ ಆಗಿದ್ದರೆ…

ಧಾರವಾಡ_ಫೇಡೆ

ಶುರುವಾತ್ರಿ ಮತ್ತ!

ಹೊಸದುರ್ಗ_ಹೈದ

ಬೇಡ ಬಿಡಿ, ಗೊತ್ತಾಯಿತು. ಸಂಜೆ ಮಾಮನಿಗೇ ಕೇಳಿಸಿದೆ. ಅರ್ಧ ನಿಮಿಷ ಕೇಳಿ ಇಯರ್‌ಫೋನ್ ಕಿತ್ತು ಕೊಟ್ಟರು. "ಚರ್ಮ ತಣ್ಣಗಿದೆಯಲ್ಲೋ. ಅವತ್ತು ಮಳೆ ಬಂದಿತ್ತು, ನೀನು ಅವಸರ ಮಾಡಿದೆ. ಬೆಂಕಿಗೆ ಹಿಡಿಯದೆ ತಮಟೆ ಮಾತಾಡ್ತದಾ?" ಅಂದರು.

ಭಾನುವಾರ ಬಾ ಅಂದಿದ್ದಾರೆ. ಒಣಹುಲ್ಲು ನಾನೇ ತರಬೇಕಂತೆ.

ಸೌಂಡ್‌ಚೆಕ್_ಸಂಜೆ

ಹುಲ್ಲು ಉರಿಯುವ ಚಟಪಟ ಸದ್ದನ್ನೂ ಒಂದು ಪ್ಯಾಡ್‌ಗೆ ಹಿಡಿದುಕೋ. ಹೈಹ್ಯಾಟ್ ಆಗುತ್ತೆ.